ಬಾಯೊಳಗಿನ ಬೆಳಕು

ಸುಧಾರಾಣಿಯ ಕೆಲಸ ಕೆಡಿಸಿದ್ದು ಒಂದೇ ಒಂದು "ಹೂಂ."

ಧಾರವಾಡದಲ್ಲಿ ಸಂಶೋಧನೆ ಮಾಡುವ ಅವಳಿಗೆ ಇಪ್ಪತ್ತು ಹೆಂಗಸರ ಗಲ್ಲದ ಒಳಗಿನ ಜೀವಕೋಶಗಳು ಬೇಕಿದ್ದವು. ನಾಳೆ ಪ್ರಯೋಗಾಲಯದ ಯಂತ್ರದಲ್ಲಿ ಅವಳ ಸರದಿ. ತಪ್ಪಿದರೆ ಆರು ತಿಂಗಳು ಕಾಯಬೇಕು, ಗೈಡು ಕಾಯುವವರಲ್ಲ. ಅದಕ್ಕೇ ಹತ್ತಿ ಸುತ್ತಿದ ಕಡ್ಡಿಗಳ ಕಟ್ಟು ಹಿಡಿದು ಸವಣೂರಿನ ತನ್ನ ಓಣಿಗೆ ಬಂದಿದ್ದಳು.

"ಇದನ್ನ ಗಲ್ಲದ ಒಳಗ ತಿಕ್ಕಿ ಕೊಡ್ರಿ ಚಾಚಿ. ಔಷಧದಾಗಿಟ್ಟು ಸಣ್ಣಗ ಕರೆಂಟ್ ಮುಟ್ಟಿಸಿದ್ರ ಕೋಶ ಬೆಳಗತೈತಿ, ಕ್ಯಾಮೆರಾ ಅದರ ಚಿತ್ರ ತಗೀತೈತಿ. ಭಾಳ ಸೂಕ್ಷ್ಮ ಯಂತ್ರ. ಯಾರಿಗೂ ಕಾಣದ್ದು ಅದಕ್ಕ ಕಾಣತೈತಿ."

ಪಕ್ಕದ ಮನೆಯ ರಹಿಮಾಬಿ ಕಣ್ಣರಳಿಸಿದಳು. "ಬಾಯಾಗಿನ ಸುಳ್ಳೂ ಕಾಣತೈತೇನ?"

ಮುಂಜಾನೆಯಿಂದ ವಿವರಿಸಿ ಸೋತಿದ್ದ ಸುಧಾರಾಣಿ ನಗುತ್ತ "ಹೂಂ" ಅಂದಳು.

ಸುದ್ದಿ ಒಗ್ಗರಣೆಯ ಘಾಟಿನಂತೆ ಓಣಿಗೆಲ್ಲ ಹಬ್ಬಿತು. ಬಾಗಿಲುಗಳು ಪಟಪಟನೆ ಮುಚ್ಚಿದವು. ಒಬ್ಬಳಿಗೆ ಹಲ್ಲುನೋವು, ಇನ್ನೊಬ್ಬಳಿಗೆ ಉಪವಾಸ, ಊರ ಸುದ್ದಿಯನ್ನೆಲ್ಲ ಬಿತ್ತರಿಸುವ ಜಯಶ್ರೀಗೆ ಏಕಾಏಕಿ ಮೌನವ್ರತ. ಹೆತ್ತವ್ವ ಫಕ್ಕೀರವ್ವನೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನನಗ ಬ್ಯಾಡವಾ. ನಿಮ್ಮಪ್ಪ ಇನ್ನೂ ಬದುಕ್ಯಾನ."

"ಅವ್ವಾ, ನಾ ಚಾಷ್ಟಿಗೆ ಅಂದೆ!"

"ಸುಳ್ಳು ಹಿಡಿಯೋರು ಹಿಂಗ ಹೇಳ್ತಾರ."

ಮಧ್ಯಾಹ್ನ ಎರಡಾದರೂ ಒಂದು ಕಡ್ಡಿಯೂ ಖರ್ಚಾಗಿರಲಿಲ್ಲ. ನಾಲ್ಕಕ್ಕೆ ಬಸ್ಸು. ಹುಡುಗಿಯ ಕಣ್ಣಲ್ಲಿ ನೀರು ಕಂಡು ರಹಿಮಾಬಿ ಎದ್ದಳು. ಕಟ್ಟೆ ಹತ್ತಿ ಕೂಗಿದಳು: "ಕಡ್ಡಿ ತಿಕ್ಕಿ ಕೊಡದಾಕೀನ ಖರೇ ಸುಳ್ಳಿ! ಆಮ್ಯಾಲ ನನ್ನ ಬೈಬ್ಯಾಡ್ರಿ!"

ಮುಚ್ಚಿದ್ದ ಬಾಗಿಲುಗಳು ತೆರೆದವು.

"ನಿನ್ನ ಎದುರು ಬಾಯಿ ತಗ್ಯಾಕ ನಾಚಿಕಿ ಬರತೈತವಾ" ಎನ್ನುತ್ತ ಒಬ್ಬೊಬ್ಬರೇ ಕಡ್ಡಿ ಹಿಡಿದು ರಹಿಮಾಬಿಯ ಮನೆಯೊಳಗೆ ಹೋದರು, ಪರೀಕ್ಷೆ ಗೆದ್ದವರ ಮುಖ ಹೊತ್ತು ಬಂದರು. ಮೂರೂವರೆಗೆ ಇಪ್ಪತ್ತೂ ಭರ್ತಿ. ಪ್ರತಿ ಕಡ್ಡಿಗೂ ಹೆಸರು ಬರೆದು, ಸಹಿ ಹಾಕಿಸಿಕೊಂಡು, ಸುಧಾರಾಣಿ ಡಬ್ಬಿಯನ್ನು ಎದೆಗವಚಿಕೊಂಡಳು. ಎಷ್ಟಾದರೂ ತನ್ನ ಓಣಿಯ ಹೆಂಗಸರು, ತನ್ನನ್ನು ಕೈಬಿಡಲಿಲ್ಲ.

ಅಷ್ಟರಲ್ಲಿ ರಹಿಮಾಬಿಯ ಸೊಸೆ ತಸ್ಲೀಮಾ, ಕಿರುಚಿ ಅಳುವ ಹಸುಗೂಸನ್ನು ಎತ್ತಿಕೊಂಡು ಹೊರಗೆ ಬಂದಳು.

"ಇನ್ನೂ ಯಾರರ ಅದಾರೇನಕ್ಕಾ? ಸಾಕು ಮಾಡ್ರಿ. ತಾಸೊಪ್ಪತ್ತಾತು, ಕೂಸು ಹಾಲು ಮುಟ್ಟಿಲ್ಲ."

"ಅಯ್ಯ, ಕೂಸಿಗೇನಾತು?"

"ಏನಾತಂದ್ರ? ನಿಮ್ಮವ್ವಾರಿಂದ ಹಿಡದು ಇಪ್ಪತ್ತೂ ಮಂದಿ ಇದರ ಬಾಯಾಗ ಕಡ್ಡಿ ತಿಕ್ಯಾರ. ಓಣ್ಯಾಗ ಸುಳ್ಳು ಹೇಳದ ಬಾಯಿ ಇದೊಂದ ಅಂತ!"