ಸಣ್ಣಮಾವ ಹುಟ್ಟಿದ ಮನಿ

ಒಂದು ಮನೆಯನ್ನು ನೋಡುವುದಕ್ಕೆಂದೇ ಮಂದಿ ಊರೂರಿನಿಂದ ಬರತೊಡಗಿದರೆ, ಆ ಮನೆಯಲ್ಲಿ ಇರುವವರಿಗೆ ನಗೆಯ ಬರ ಎಂದೂ ಬೀಳುವುದಿಲ್ಲ. ನಾನು ಇದನ್ನು ಅನುಭವದಿಂದ ಹೇಳುತ್ತಿದ್ದೇನೆ.

ನನ್ನ ತವರು ಲಕ್ಷ್ಮೇಶ್ವರ. ಸ್ವಾತಂತ್ರ್ಯ ಬಂದ ವರ್ಷವೇ ನನ್ನ ಮದುವೆಯಾಯಿತು. ಮುಂಡರಗಿಯಿಂದ ಹಮ್ಮಿಗಿಗೆ ಹೋಗುವ ದಾರಿಯಲ್ಲಿರುವ ಸಣ್ಣ ಹಳ್ಳಿಗೆ ಸೊಸೆಯಾಗಿ ಬಂದೆ. ನನ್ನ ಮಾವನ ತಮ್ಮ, ಅಂದರೆ ನನಗೆ ಸಣ್ಣಮಾವ, ದೇಶಕ್ಕೆಲ್ಲ ಗೊತ್ತಿದ್ದ ನಾಯಕರು. ಜೈಲು ಕಂಡವರು, ಆಗ ದಿಲ್ಲಿಯಲ್ಲಿ ಇದ್ದವರು. ಆ ವರ್ಷ ಊರಿಗೆ ಊರೇ ಹಿಗ್ಗಿಬಿಟ್ಟಿತ್ತು. ಮಾಳಿಗೆ ಮಾಳಿಗೆಯ ಮೇಲೆ ಬಾವುಟ, ನಿನ್ನೆಯವರೆಗೆ ಪಟಕಾ ಸುತ್ತುತ್ತಿದ್ದವರ ತಲೆಯ ಮೇಲೂ ಬಿಳಿ ಟೋಪಿ. ಮುಳಗುಂದದ ಕಡೆಯಿಂದ ಬಂದಿದ್ದ ನಮ್ಮೂರ ಶಾಲೆಯ ಹೆಡ್‌ಮಾಸ್ತರರಿಗೆ ಆ ಹುರುಪಿನಲ್ಲಿ ಒಂದು ವಿಚಾರ ಹೊಳೆಯಿತು. ನಾಯಕರು ಹುಟ್ಟಿದ ಮನೆಯನ್ನು ಸ್ಮಾರಕ ಮಾಡಬೇಕು, ಅವರು ಬಳಸಿದ ಸಾಮಾನುಗಳನ್ನೆಲ್ಲ ಜೋಡಿಸಿ ಇಡಬೇಕು, ಮುಂದಿನ ಪೀಳಿಗೆ ನೋಡಬೇಕು.

ಸಣ್ಣಮಾವನಿಗೆ ಸುದ್ದಿ ಮುಟ್ಟಿದಾಗ, ನಾನಿನ್ನೂ ಬದುಕಿದ್ದೇನೆ, ಸ್ಮಾರಕ ಯಾರಿಗೆ ಎಂದು ಕೇಳಿದರಂತೆ. ನಮ್ಮ ಮಾವ ಸುಮ್ಮನಿರುವವರಲ್ಲ. "ನೀ ಅಂತೂ ಊರಿಗೆ ಬರೂದಿಲ್ಲ. ನೀ ಬರೂತನಕಾ ಮಂದಿಗೆ ಏನಾರ ತೋರಿಸಬೇಕಲ್ಲಪಾ" ಎಂದು ಹೇಳಿ ಕಳಿಸಿದರು. ಹೀಗೆ ಮನೆಯ ಮುಂದಿನ ಅರ್ಧ ದೇಶದ್ದಾಯಿತು, ಹಿಂದಿನ ಅರ್ಧ ನಮ್ಮದಾಗಿ ಉಳಿಯಿತು.

ಹುಟ್ಟಿದ ಜಾಗ

ಮೊದಲು ಗೊತ್ತಾಗಬೇಕಾದದ್ದು, ನಾಯಕರು ಮನೆಯಲ್ಲಿ ಸರಿಯಾಗಿ ಎಲ್ಲಿ ಹುಟ್ಟಿದರು ಎನ್ನುವುದು. ಹೆಡ್‌ಮಾಸ್ತರರಿಗೆ ದೇವರ ಕೋಣೆಯ ಮೇಲೆ ಕಣ್ಣು. ಅಲ್ಲಿ ಬೆಳಕು ಚೆನ್ನಾಗಿ ಬೀಳುತ್ತದೆ, ಬಂದವರು ಕೈ ಮುಗಿಯುವುದಕ್ಕೂ ಅನುಕೂಲ ಎಂದು ಅವರ ವಾದ. ನಮ್ಮ ಅತ್ತೆ ಮಾತ್ರ ಒಪ್ಪಲಿಲ್ಲ. ಬಾಣಂತಿಯನ್ನು ಯಾರಾದರೂ ದೇವರ ಕೋಣೆಯಲ್ಲಿ ಮಲಗಿಸುತ್ತಾರೇನು ಎಂದು ಕೇಳಿದರು. ಕಡೆಗೆ ಹೆರಿಗೆ ಮಾಡಿಸಿದ ಸೂಲಗಿತ್ತಿ ಅಜ್ಜಿಯನ್ನೇ ಕರೆಸಿದರು. ಪುಣ್ಯಕ್ಕೆ ಅಜ್ಜಿ ಇನ್ನೂ ಗಟ್ಟಿಯಾಗಿದ್ದಳು.

ಅಜ್ಜಿ ಕೋಲೂರಿಕೊಂಡು ಬಂದಳು. ಹಿಂದೆ ಅರ್ಧ ಊರು. ಹೊಸ್ತಿಲು ದಾಟಿದವಳೇ ಪಡಸಾಲೆಯ ಕಟ್ಟೆಯನ್ನೂ ಹತ್ತಲಿಲ್ಲ. ಬಾಗಿಲ ಬಲಕ್ಕೆ, ಕೆಳಗಿನ ಅಂಕಣದಲ್ಲಿ, ನಮ್ಮ ಎಮ್ಮೆ ಕಟ್ಟಿದ್ದ ಜಾಗಕ್ಕೆ ಕೋಲು ತೋರಿಸಿದಳು. ಆಗ ಅಲ್ಲಿ ತಟ್ಟಿ ಕಟ್ಟಿ ಮರೆ ಮಾಡಿದ್ದರಂತೆ.

ನಮ್ಮ ಮಾವನ ಮುಖ ಸಣ್ಣದಾಯಿತು. ಅಜ್ಜಿಗೆ ಸರಿಯಾಗಿ ನೆನಪಿದೆಯೋ ಇಲ್ಲವೋ, ಇನ್ನೊಮ್ಮೆ ನೋಡಿ ಹೇಳಲಿ ಎಂದರು. ಅಜ್ಜಿಗೆ ಸಿಟ್ಟು ಬಂತು.

"ನನಗ ನೆನಪಿರದೇನಲೇ? ನೀನೂ ಅಲ್ಲೇ ಹುಟ್ಟಿದ್ದಿ. ನಿನ್ನ ನೋಡಾಕ ಯಾರೂ ಬರವಲ್ರು, ಅಷ್ಟ."

ಎಮ್ಮೆಯನ್ನು ಹಿತ್ತಲಿಗೆ ಹೊಡೆದೆವು. ಹೊಸ ಜಾಗದಲ್ಲಿ ಅದು ಹಾಲು ಕೊಡಲೇ ಇಲ್ಲ. ಒದ್ದಿತು, ಕೆಚ್ಚಲು ಮುಟ್ಟಗೊಡಲಿಲ್ಲ, ರಾಷ್ಟ್ರದ ಹಿತವನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ. ಚಹಾಕ್ಕೆ ಹಾಲಿಲ್ಲದೆ ನಮ್ಮ ಮಾವನೂ ಎಷ್ಟು ದಿನ ದೇಶಭಕ್ತಿ ಮಾಡಿಯಾರು? ಎಮ್ಮೆ ತನ್ನ ಜಾಗಕ್ಕೆ ವಾಪಸು ಬಂತು. ಹೆಡ್‌ಮಾಸ್ತರರು ಸುತ್ತ ಒಂದು ಹಗ್ಗ ಕಟ್ಟಿಸಿ ಸಮಾಧಾನ ಪಟ್ಟುಕೊಂಡರು.

ಒಂದು ದಿನ ಗದಗಿನಿಂದ ಬಂದ ಹತ್ತಿಯ ವ್ಯಾಪಾರಿಯೊಬ್ಬರು ಆ ಜಾಗಕ್ಕೆ ಭಕ್ತಿಯಿಂದ ಕೈ ಮುಗಿದು, ಈ ಎಮ್ಮೆಯೂ ಆ ಕಾಲದ್ದೇ ಏನು ಎಂದು ಕೇಳಿದರು. ಅಲ್ಲ, ನಾಯಕರು ಹಾಲು ಕುಡಿದು ಬೆಳೆದದ್ದು ಇದರ ಮುತ್ತಜ್ಜಿಯದು ಎಂದು ನಮ್ಮ ಮಾವ ಗಂಭೀರವಾಗಿ ಉತ್ತರ ಕೊಟ್ಟರು. ವ್ಯಾಪಾರಿ ಎಮ್ಮೆಯ ಕಾಲನ್ನೂ ಮುಟ್ಟಿ ನಮಸ್ಕಾರ ಮಾಡಲು ಹೋದರು. ನಮ್ಮ ಎಮ್ಮೆಗೆ ದೊಡ್ಡವರು ಸಣ್ಣವರು ಎಂಬ ಭೇದವಿಲ್ಲ. ಅವರ ಟೋಪಿಯನ್ನು ನಾವು ಆಮೇಲೆ ಅಂಗಳದಿಂದ ಹುಡುಕಿ ಕೊಟ್ಟೆವು.

ತೊಟ್ಟಿಲು

ಸ್ಮಾರಕವನ್ನು ತೆರೆಯಲು ಒಬ್ಬ ದೊಡ್ಡ ಸಾಹೇಬರು ಬರುವವರಿದ್ದರು. ಎಲ್ಲ ಸಾಮಾನೂ ಸಿಕ್ಕಿದ್ದವು. ನಾಯಕರು ಅಕ್ಷರ ತಿದ್ದಿದ ಹಲಗೆ, ಓದುವಾಗ ಹಚ್ಚುತ್ತಿದ್ದ ಕಂದೀಲು, ಮಲಗುತ್ತಿದ್ದ ಹೊರಸು. ತೊಟ್ಟಿಲು ಮಾತ್ರ ಇಲ್ಲ. ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಆ ತೊಟ್ಟಿಲು ಅವರ ಮನೆಗೆ ಹೋಗುವುದು ರೂಢಿ. ಆಗ ಅದು ಓಣಿಯ ಕೊನೆಗೆ, ಅರಳೆ ಹಿಂಜುವ ಪಿಂಜಾರರ ಮನೆಯಲ್ಲಿ ತೂಗುತ್ತಿತ್ತು.

ಸಾಹೇಬರು ಬರುವ ದಿನ ಬೆಳಿಗ್ಗೆ ಹೆಡ್‌ಮಾಸ್ತರರು ಡೊಳ್ಳು ಬಾರಿಸುವವರನ್ನು ಕರೆದುಕೊಂಡು ತೊಟ್ಟಿಲು ತರಲು ಹೋದರು. ಪಿಂಜಾರರ ಸೊಸೆ ಬಾಗಿಲಲ್ಲೇ ತಡೆದಳು. ಕೂಸು ರಾತ್ರಿಯೆಲ್ಲ ಅತ್ತು ಈಗಷ್ಟೇ ಮಲಗಿದೆ, ಎಬ್ಬಿಸಿದರೆ ಅದನ್ನು ಸುಮ್ಮನಿರಿಸುವ ಕೆಲಸ ಮಾಸ್ತರರದು ಎಂದು ಖಡಾಖಂಡಿತ ಹೇಳಿದಳು. ಸಾಹೇಬರ ಮೋಟಾರು ಮುಂಡರಗಿ ಬಿಟ್ಟ ಖಬರ ಬಂದಿತ್ತು. ಹೊತ್ತಿರಲಿಲ್ಲ. ಕೂಸಿನ ಸಮೇತ ತೊಟ್ಟಿಲನ್ನು ಎತ್ತಿದರು. ಮುಂದೆ ಡೊಳ್ಳು, ಹಿಂದೆ ತಾಯಿ, ನಡುವೆ ನಾಲ್ಕು ಮಂದಿಯ ಹೆಗಲ ಮೇಲೆ ತೊಟ್ಟಿಲು. ಅಷ್ಟು ಗದ್ದಲದಲ್ಲೂ ಕೂಸು ಕಣ್ಣು ಬಿಡಲಿಲ್ಲ. ತಾಯಿಯೇ ಬೆರಗಾಗಿ, ಇದಕ್ಕೆ ಮನೆಯಲ್ಲಿ ಡೊಳ್ಳಿನದೇ ಕೊರತೆ ಆಗಿತ್ತೇನೋ ಎಂದಳು.

ಸಾಹೇಬರು ಬಂದರು. ತೊಟ್ಟಿಲಿಗೆ ಹೂವಿನ ಮಾಲೆ ಹಾಕಿದರು. ಒಳಗೆ ಏನಿದೆ ಎಂದು ಬಗ್ಗಿ ನೋಡಲಿಲ್ಲ, ನಾವೂ ಹೇಳಲಿಲ್ಲ. ಭಾಷಣ ಏರುತ್ತಾ ಏರುತ್ತಾ ಹೋಯಿತು. ಸಾಹೇಬರು ತೊಟ್ಟಿಲಿನ ಮೇಲೆ ಕೈ ಇಟ್ಟು, ಇದೇ ತೊಟ್ಟಿಲಿನಿಂದ ಎದ್ದ ಒಂದು ದನಿಗೆ ಬ್ರಿಟಿಷರ ಸಿಂಹಾಸನವೇ ಅಲುಗಾಡಿತು ಎಂದು ಗುಡುಗಿದರು.

ತೊಟ್ಟಿಲಿನಿಂದ ದನಿ ಎದ್ದಿತು.

ಎಂಥ ದನಿ ಅಂತೀರಿ. ಸಾಹೇಬರು ಹಿಂದಕ್ಕೆ ಹಾರಿ ಕುರ್ಚಿಯ ಮೇಲೆ ಕುಂತರು. ಡೊಳ್ಳಿನವರು ಅದೇ ಸನ್ನೆ ಅಂದುಕೊಂಡು ಬಾರಿಸತೊಡಗಿದರು. ಪಿಂಜಾರರ ಸೊಸೆ ವೇದಿಕೆಗೆ ನುಗ್ಗಿ ಕೂಸನ್ನು ಎತ್ತಿಕೊಂಡಳು. ಗದ್ದಲ ಇಳಿದ ಮೇಲೆ ಸಾಹೇಬರು ಬೆವರು ಒರೆಸಿಕೊಂಡು, ಬ್ರಿಟಿಷರು ಯಾಕೆ ಹೋದರೆಂದು ಈಗ ನನಗೆ ಪೂರಾ ತಿಳಿಯಿತು ಎಂದರು.

ತೊಟ್ಟಿಲು ಅಂದೇ ಸಂಜೆ ಪಿಂಜಾರರ ಮನೆಗೆ ವಾಪಸು ಹೋಯಿತು. ಆಮೇಲೆ ನೋಡಲು ಬಂದವರನ್ನೆಲ್ಲ ನಾವು ಅಲ್ಲಿಗೇ ಕಳಿಸುತ್ತಿದ್ದೆವು. ಅವರ ಸೊಸೆ ಎಲ್ಲರಿಗೂ ಸಂತೋಷದಿಂದ ತೋರಿಸುತ್ತಿದ್ದಳು. ಬಾಗಿಲಲ್ಲಿ ಮಾತ್ರ ಬಾಯಿಯ ಮೇಲೆ ಬೆರಳಿಟ್ಟು ಹೇಳುವಳು: "ನೋಡ್ರಿ, ಆದರ ಯಾರೂ ಭಾಷಣ ಮಾಡಬ್ಯಾಡ್ರಿ."

ಬೋರ್ಡು

ಬೆಟಗೇರಿಯಿಂದ ಪೇಂಟರನ್ನು ಕರೆಸಿ ಬಾಗಿಲ ಮೇಲೆ ಬೋರ್ಡು ಬರೆಸಿದ್ದೆವು. ನಮ್ಮ ಮಾವ ಬಾಯಲ್ಲಿ ಹೇಳಿದ್ದನ್ನು ಅವನು ಹಾಗೇ ಬರೆದಿದ್ದ: ರಾಷ್ಟ್ರನಾಯಕರು ಹುಟ್ಟಿದ ಮನಿ. ವರ್ಷಗಟ್ಟಲೆ ಯಾರಿಗೂ ಏನೂ ಅನ್ನಿಸಲಿಲ್ಲ.

ಆಮೇಲೆ ಏಕೀಕರಣವಾಯಿತು. ಮುಂಬೈ ಸರ್ಕಾರದ ಕೈಯಲ್ಲಿದ್ದ ನಾವು, ಹೊಳೆಯಾಚೆಯವರು, ನಿಜಾಮರ ಕಡೆಯವರು, ಮೈಸೂರಿನವರು, ಎಲ್ಲ ಒಂದೇ ರಾಜ್ಯದವರಾದೆವು. ಆ ದಿನ ನಮ್ಮೂರಲ್ಲಿ ಹೋಳಿಗೆ ಮಾಡದ ಮನೆ ಇರಲಿಲ್ಲ. ಇನ್ನೂ ಬಾಯಿಯ ಸಿಹಿ ಆರಿರಲಿಲ್ಲ, ಮೈಸೂರು ಕಡೆಯ ಅಧಿಕಾರಿಯೊಬ್ಬರು ಸ್ಮಾರಕ ನೋಡಲು ಬಂದರು. ಬಹಳ ಮರ್ಯಾದಸ್ಥರು. ಎಲ್ಲ ನೋಡಿ ಮೆಚ್ಚಿ, ಹೋಗುವಾಗ ಬೋರ್ಡಿನಲ್ಲಿ ಒಂದು ಸಣ್ಣ ತಪ್ಪಿದೆ, ಅದು 'ಮನೆ' ಆಗಬೇಕು ಎಂದು ಮೆಲ್ಲಗೆ ಹೇಳಿದರು.

ನಮ್ಮ ಮಾವ ಅಷ್ಟೇ ಮೆಲ್ಲಗೆ ಹೇಳಿದರು. "ಮನೆ ನಿಮ್ಮ ಕಡೆ ಇರತಾವ್ರಿ ಸಾಹೇಬರ. ನನ್ನ ತಮ್ಮ ಹುಟ್ಟಿದ್ದು ಮನಿಯಾಗ."

ಅಧಿಕಾರಿ ನಕ್ಕು ಹೋದರು. ಹೆಡ್‌ಮಾಸ್ತರರಿಗೆ ಮಾತ್ರ ನಿದ್ದೆ ಬರಲಿಲ್ಲ. ಈಗಷ್ಟೇ ಕೂಡಿದ ನಾಡು ಒಂದು ಅಕ್ಷರಕ್ಕೆ ಮತ್ತೆ ಒಡೆಯಬಾರದು ಎಂದು ಯೋಚಿಸಿ, ಇಬ್ಬರಿಗೂ ಬೇಡವಾದ ಒಂದು ಶಬ್ದ ಹುಡುಕಿದರು. ಪೇಂಟರ ಮತ್ತೆ ಬಂದ. ಬೋರ್ಡು 'ಜನ್ಮಗೃಹ' ಆಯಿತು.

ನಮ್ಮ ಕಡೆಯ ನಾಲಿಗೆಗೆ ಗೃಹವೂ ಒಂದೇ, ಗ್ರಹವೂ ಒಂದೇ. ಆ ಊರಿನಲ್ಲಿ ಒಂದು ಗ್ರಹದ ಗುಡಿ ಆಗಿದೆಯಂತೆ ಎಂಬ ಸುದ್ದಿ ಬಾಯಿಂದ ಬಾಯಿಗೆ ಹೊರಟಿತು. ಒಂದು ಶನಿವಾರ ಶಿರಹಟ್ಟಿಯ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಒಂದು ಸಂಸಾರವೇ ಬಂತು. ಕೈಯಲ್ಲಿ ಕರಿ ಎಳ್ಳು, ಎಣ್ಣೆಯ ಗಿಂಡಿ. ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲೇ ನಮ್ಮ ಮನೆಯ ಸುತ್ತ ಪ್ರದಕ್ಷಿಣೆ ಹಾಕಿದರು. ನಾಯಕರ ಫೋಟೋದ ಮುಂದೆ ಎಳ್ಳು ಸುರಿದು, ನಮ್ಮನ್ನು ಬಿಟ್ಟು ದೂರ ಹೋಗಪ್ಪಾ ಎಂದು ಬೇಡಿಕೊಂಡರು. ಮುಂದಿನ ಶನಿವಾರ ಇನ್ನೂ ಹೆಚ್ಚು ಚಕ್ಕಡಿ ಬಂದವು.

ಹೆಡ್‌ಮಾಸ್ತರರು ತಲೆ ಚಚ್ಚಿಕೊಂಡು, ಬಂದವರಿಗೆಲ್ಲ ತಿಳಿಸಿ ಹೇಳಲು ಬಾಗಿಲಲ್ಲಿ ನಿಂತರು. ನಮ್ಮ ಅತ್ತೆ ಅವರನ್ನು ಒಳಗೆ ಕರೆದು ಕೂರಿಸಿದರು.

"ಸುಮ್ಮನ ಕುಂಡ್ರಿ ಮಾಸ್ತರ. ಅವರ ಸಾಡೇಸಾತಿ ಹೋಗತೈತೋ ಇಲ್ಲೋ ನನಗ ಗೊತ್ತಿಲ್ಲ. ನಮ್ಮ ಅಡಗಿ ಮನಿ ದೀಪಕ್ಕಂತೂ ಚಲೋ ಎಣ್ಣಿ ಬರಾಕತ್ತೈತಿ."

ಮಧ್ಯಾಹ್ನದ ನಿದ್ದೆ

ಏಕೀಕರಣದ ಸಂಭ್ರಮದಲ್ಲೇ ಸಣ್ಣಮಾವ ಬಂದರು. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಹೋದಲ್ಲೆಲ್ಲ ಭಾಷಣ ಮಾಡಿ ಗಂಟಲು ಕಟ್ಟಿತ್ತು. ಸಂಜೆ ಮುಂಡರಗಿಯಲ್ಲಿ ಮತ್ತೆ ಸಭೆ. ನಡುವೆ ಯಾರಿಗೂ ಹೇಳದೆ ಮಧ್ಯಾಹ್ನಕ್ಕೆ ಮನೆಗೆ ಬಂದು, ಅತ್ತೆ ಬಡಿದ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಉಂಡರು. ಒಂದು ತಾಸು ಮಲಗಬೇಕು, ಯಾರೂ ಮಾತಾಡಿಸದ ಜಾಗ ಯಾವುದು ಎಂದು ಕೇಳಿದರು. ಮನೆಯಲ್ಲಿ ಅಂಥ ಜಾಗ ಒಂದೇ ಇತ್ತು. ಸಾಮಾನುಗಳ ಮುಂದೆ ಕಟ್ಟಿದ್ದ ಹಗ್ಗ ದಾಟಿ ಹೋಗಿ, ಸ್ಮಾರಕದಲ್ಲಿ ಇಟ್ಟಿದ್ದ ತಮ್ಮದೇ ಹೊರಸಿನ ಮೇಲೆ ಬಿಳಿ ಶಾಲು ಹೊದ್ದು ಮಲಗಿಬಿಟ್ಟರು. ಯಾರನ್ನೂ ಒಳಗೆ ಬಿಡುವುದಿಲ್ಲ ಎಂದು ನಮ್ಮ ಮಾವ ಬಾಗಿಲಲ್ಲಿ ಕುಂತರು. ಅವರೂ ಅದೇ ರೊಟ್ಟಿ ಉಂಡಿದ್ದರು. ಗೋಡೆಗೆ ಒರಗಿ ಅವರೂ ಗೊರಕೆ ಹೊಡೆಯತೊಡಗಿದರು.

ಆಗ ಗದಗಿನ ಒಂದು ಶಾಲೆಯ ಮಕ್ಕಳು ಬಂದರು. ಅವರ ಮಾಸ್ತರರು ನಮ್ಮ ಮಾವನನ್ನು ದಾಟಿ ಮಕ್ಕಳನ್ನು ಸಾಲಾಗಿ ಒಳಗೆ ತಂದರು. ನಾನು ಅಡುಗೆ ಮನೆಯಿಂದ ಓಡಿ ಬರುವಷ್ಟರಲ್ಲಿ ಅವರು ಹೊರಸಿನ ಮುಂದೆ ನಿಂತು, ಮೂರ್ತಿಯನ್ನು ಎಷ್ಟು ಅಚ್ಚುಕಟ್ಟಾಗಿ ಮಾಡಿದ್ದಾರೆ ನೋಡಿರಿ, ಮೀಸೆಯ ಕೂದಲು ಸಹ ಖರೆ ಕೂದಲಿನ ಹಾಗೇ ಇದೆ ಎಂದು ವಿವರಿಸುತ್ತಿದ್ದರು. ನಾನು ಬಾಯಿ ತೆರೆದೆ. ಸಣ್ಣಮಾವ ಒಂದು ಕಣ್ಣನ್ನು ಇಷ್ಟೇ ಬಿಟ್ಟು ನನ್ನತ್ತ ನೋಡಿ, ಹೇಳಬೇಡ ಎನ್ನುವಂತೆ ಮುಚ್ಚಿದರು. ಎದ್ದರೆ ಮಕ್ಕಳಿಗೊಂದು ಭಾಷಣ ಮಾಡಬೇಕಾಗುತ್ತದೆ ಎಂಬ ಹೆದರಿಕೆ. ಮಕ್ಕಳು ತಂದಿದ್ದ ದೊಡ್ಡ ಹೂಮಾಲೆಯನ್ನು ಅವರ ಎದೆಯ ಮೇಲೆ ಹರಡಿ, ತಲೆದೆಸೆಯಲ್ಲಿ ಊದಿನಕಡ್ಡಿ ಹಚ್ಚಿ, ಜಯಕಾರ ಹಾಕಿ ಹೋದರು. ನಾನು ನಗು ತಡೆಯಲಾಗದೆ ಸೆರಗು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಓಡಿದೆ.

ಅಷ್ಟರಲ್ಲಿ ಹಮ್ಮಿಗಿಯಿಂದ ಒಬ್ಬ ಮುದುಕಿ ಬಂದಳು. ಆಕೆ ನಮ್ಮೂರ ಮಗಳು, ಸಣ್ಣಮಾವನ ಜೊತೆ ಆಡಿ ಬೆಳೆದವಳು. ಅವರು ಈ ಕಡೆಗೆ ಬಂದ ಸುದ್ದಿ ಹೇಗೋ ತಿಳಿದು, ಕಣ್ಣಿಂದ ಒಮ್ಮೆ ನೋಡೋಣವೆಂದು ಬಿಸಿಲಲ್ಲಿ ನಡೆದು ಬಂದಿದ್ದಳು. ಒಳಗೆ ಕಾಲಿಟ್ಟರೆ ಕಂಡದ್ದೇನು? ಬಿಳಿ ಶಾಲು, ಎದೆಯ ಮೇಲೆ ಹೂಮಾಲೆ, ತಲೆದೆಸೆಯಲ್ಲಿ ಊದಿನಕಡ್ಡಿ, ಬಾಗಿಲಲ್ಲಿ ತಲೆ ಬಗ್ಗಿಸಿ ಕುಂತ ಅವರ ಅಣ್ಣ.

ಮುದುಕಿ ಅಲ್ಲೇ ಕುಸಿದು, ಹಾಡಿ ಹಾಡಿ ಅಳತೊಡಗಿದಳು. ಆ ದನಿ ಕೇಳಿ ಓಣಿಯ ಹೆಂಗಸರೆಲ್ಲ ಓಡಿ ಬಂದರು. ನಮ್ಮ ಅತ್ತೆ ಕಾಳು ಹಸನ ಮಾಡುತ್ತಿದ್ದವರು ಮೊರ ಬಿಟ್ಟು ಬಂದು, ಸತ್ತವರು ಯಾರೆಂದು ಕೇಳುವ ಮೊದಲೇ ಎಲ್ಲರ ನಡುವೆ ಕುಂತು ಅಳಲು ಶುರು ಮಾಡಿದರು. ನಾನು ಬಂದು ಹೇಳುವ ಮಾತು ಆ ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ. ಮುದುಕಿ ಸಣ್ಣಮಾವನ ಬದುಕನ್ನೆಲ್ಲ ಹಾಡಿನಲ್ಲಿ ತೆಗೆದಳು. ದೇಶಕ್ಕಾಗಿ ಜೈಲಿನಲ್ಲಿ ಗಂಜಿ ಕುಡಿದದ್ದು, ಹೆತ್ತ ತಾಯಿ ಹೋದಾಗ ಮುಖ ನೋಡಲೂ ಬಿಡದೆ ಇದ್ದದ್ದು. ಮುಚ್ಚಿದ ಅವರ ಕಣ್ಣಿನ ತುದಿಯಿಂದ ಒಂದು ಹನಿ ಇಳಿದದ್ದನ್ನು ನಾನು ಕಂಡೆ. ಅವರು ಇನ್ನೂ ಯಾಕೆ ಏಳಲಿಲ್ಲ ಎಂದು ಆಗ ತಿಳಿಯಿತು. ತಾನು ಹೋದ ಮೇಲೆ ಇಷ್ಟು ಪ್ರೀತಿಯಿಂದ ಅಳುವವರಿದ್ದಾರೆ ಎಂದು ಕೇಳುವ ಭಾಗ್ಯ ಯಾರಿಗುಂಟು?

ಮುದುಕಿಯ ಹಾಡು ಹಾಗೇ ಚಿಕ್ಕಂದಿನ ಕಡೆಗೆ ತಿರುಗಿತು. ಹೊಳೆಯಲ್ಲಿ ಈಜಿದ್ದು, ಬೇವಿನ ಗಿಡ ಹತ್ತಿದ್ದು. ಆಮೇಲೆ ಆಕೆ ಎದೆ ಬಡಿದುಕೊಂಡು, "ನಮ್ಮ ಹೊಲದಾಗಿನ ಎಳೀ ಸೌತೀಕಾಯಿ ಕದ್ದು ತಿಂದೆಲ್ಲೋ, ತಮ್ಮಾ" ಎಂದು ಅತ್ತಳು.

ಬ್ರಿಟಿಷರು ಹೊರಿಸಿದ ರಾಜದ್ರೋಹದ ಆಪಾದನೆಗೆ ಕೋರ್ಟಿನಲ್ಲಿ ಒಂದು ಮಾತೂ ಆಡದೆ ನಿಂತಿದ್ದ ಸಣ್ಣಮಾವ ಹೂಮಾಲೆಯ ಸಮೇತ ಎದ್ದು ಕುಂತರು.

"ಅಕ್ಕಾ, ಸೌತೀಕಾಯಿ ಕದ್ದಾಂವ ನಾನಲ್ಲ. ನಿಮ್ಮಣ್ಣ."

ಓಣಿಯ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ಬಾಗಿಲ ಕಡೆ ಓಡಿದರು. ನಮ್ಮ ಮಾವ ಎಚ್ಚರಾಗಿ, ಏನು ಎತ್ತ ತಿಳಿಯದೆ, ಎಲ್ಲರಿಗೂ ಸಾಲಾಗಿ ಬರಲು ಹೇಳತೊಡಗಿದರು. ಮುದುಕಿ ಮಾತ್ರ ಜಾಗದಿಂದ ಅಲುಗಾಡಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು, ಸಣ್ಣಮಾವನ ಮುಖವನ್ನೇ ನೋಡುತ್ತ, ಬಿಟ್ಟಲ್ಲಿಂದಲೇ ಅದೇ ರಾಗದಲ್ಲಿ ಮುಂದುವರಿಸಿದಳು:

"ಸತ್ತ ಮ್ಯಾಲೂ ಸುಳ್ಳು ಹೇಳತೀಯಲ್ಲೋ, ತಮ್ಮಾ..."