ಉಂಡವರನ್ನು ಕತ್ತರಿಸದ ಚಿಕ್ಕಪ್ಪ

ಹೊಳಲ್ಕೆರೆ ಸೀಮೆಯಲ್ಲಿ ತಮ್ಮ ಮದುವೆಯ ವಿಡಿಯೊವನ್ನು ಕೊನೆಯವರೆಗೂ ಕೂತು ನೋಡಿದ ದಂಪತಿ ಯಾರಾದರೂ ಇದ್ದರೆ ನನ್ನೆದುರು ಬಂದು ನಿಲ್ಲಲಿ. ಸವಾಲು! ಯಾರೂ ಬರುವುದಿಲ್ಲ, ನನಗೆ ಗೊತ್ತು. ಏಕೆಂದರೆ ಆ ವಿಡಿಯೊಗಳನ್ನು ತಯಾರಿಸಿದವನು ನನ್ನ ಚಿಕ್ಕಪ್ಪ.

ಲೋಕದಲ್ಲಿ ಎಡಿಟರ್ ಎಂದರೆ ಬೇಡವಾದದ್ದನ್ನು ತೆಗೆಯುವವನು ಎಂದು ಅರ್ಥ. ನನ್ನ ಚಿಕ್ಕಪ್ಪ ಏನನ್ನೂ ತೆಗೆಯದ ಎಡಿಟರ್. ಕತ್ತರಿ ಮುಟ್ಟದ ಟೈಲರ್ ಅಂಗಡಿ ಇಟ್ಟ ಹಾಗೆ! ಮದುವೆಗೆ ಬಂದವರೆಲ್ಲ ಅವನ ವಿಡಿಯೊದಲ್ಲಿ ಇರಲೇಬೇಕು. ವರನ ಸೋದರಮಾವ ಇರುವಷ್ಟೇ ಹೊತ್ತು, ಛತ್ರದ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿರುವ ಅಪರಿಚಿತನೂ ಇರುತ್ತಾನೆ. ಆ ಅಪರಿಚಿತನಿಗೆ ಚಪ್ಪಲಿ ಸಿಗುವವರೆಗೂ ನಾವು ಬಿಡುಗಡೆ ಇಲ್ಲದೆ ನೋಡಬೇಕು. ನಡುನಡುವೆ ಗುಲಾಬಿಗಳು ಅರಳುತ್ತವೆ, ಹಂಸಗಳು ತೇಲುತ್ತವೆ, ವಧುವಿನ ಮುಖ ಹೃದಯದೊಳಗಿಂದ ಇಣುಕುತ್ತದೆ. ಬೆಳಗಿನ ತಿಂಡಿಗೆ ಹಾಕಿದ ವಿಡಿಯೊ ಸಂಜೆಯ ಕಾಫಿಗೂ ಓಡುತ್ತಿರುತ್ತದೆ. ಅಷ್ಟು ಹೊತ್ತಿನಲ್ಲಿ ಇನ್ನೊಂದು ಮದುವೆಯನ್ನೇ ಮಾಡಿ ಮುಗಿಸಬಹುದು!

ಇದಕ್ಕೆ ಅವನು ಕೊಡುವ ವಿವರಣೆ ಒಂದೇ: "ಉಂಡೋರನ್ನ ಕತ್ತರಿಸಬಾರ್ದು."

ಇಂಥವನ ಕಂಪ್ಯೂಟರ್ ಕೆಟ್ಟರೆ ಸಂತೋಷಪಡಬೇಕಾದದ್ದು ಇಡೀ ತಾಲ್ಲೂಕು. ಆದರೆ ಆ ಶುಕ್ರವಾರ ಅವನು ನನಗೆ ಫೋನ್ ಮಾಡಿದಾಗ ದನಿ ಎಂದಿನಂತಿರಲಿಲ್ಲ. ನಾನು ದುರ್ಗದಲ್ಲಿ ಕಾನೂನು ಓದುವವಳು. ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಮಾತಿನ ಬುಡಕ್ಕೇ ಕೈ ಹಾಕುವುದು ನನ್ನ ಅಭ್ಯಾಸ. ಹಾಗಾಗಿ ಮನೆಯಲ್ಲಿ ಟೀವಿ, ಮಿಕ್ಸಿ, ಕಂಪ್ಯೂಟರ್ ಏನು ಕೆಟ್ಟರೂ ನನ್ನನ್ನೇ ಕರೆಯುತ್ತಾರೆ. ವಾದ ಮಾಡುವವಳಿಗೆ ರಿಪೇರಿಯೂ ಬರುತ್ತದೆ ಎಂಬ ಈ ತರ್ಕ ಎಲ್ಲಿಂದ ಹುಟ್ಟಿತೋ!

ವಿಷಯ ಇಷ್ಟು. ತಾಳ್ಯದ ಒಂದು ಹುಡುಗಿಯನ್ನು ಹಿರಿಯೂರು ಕಡೆಯ ಆದಿವಾಲಕ್ಕೆ ಕೊಟ್ಟಿದ್ದರು. ಮದುವೆಯ ಹಿಂದಿನ ವಾರ ಹುಡುಗಿಯ ತಾಯಿ ಅಂಗಳ ಸಾರಿಸುವಾಗ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಸ್ಪತ್ರೆಯಲ್ಲಿ ಆಪರೇಷನ್. ಇಟ್ಟ ಮುಹೂರ್ತ ಬದಲಿಸಲು ಆಕೆಯೇ ಒಪ್ಪಲಿಲ್ಲ. ಒಬ್ಬಳೇ ಮಗಳ ಮದುವೆ ತಾಯಿಯಿಲ್ಲದೆ ನಡೆಯಿತು. ಈಗ ಆಕೆ ಮನೆಗೆ ಬಂದಿದ್ದರು, ಮಗಳೂ ತವರಿಗೆ ಬಂದಿದ್ದಳು. ಸೋಮವಾರ ಬೆಳಿಗ್ಗೆ ಮಗಳು ಗಂಡನ ಮನೆಗೆ ಹೊರಡುವವಳು. ಅಷ್ಟರೊಳಗೆ ತಾಯಿ ಮಗಳು ಒಟ್ಟಿಗೆ ಕೂತು ಮದುವೆ ನೋಡಬೇಕು. ಬೀಗರಲ್ಲಿ ಯಾರು ಯಾರು, ಯಾರ ಮುಖ ಹೇಗೆ ಎಂಬುದೂ ಆ ತಾಯಿಗೆ ಗೊತ್ತಿರಲಿಲ್ಲ. ಭಾನುವಾರ ತಂದುಕೊಡುತ್ತೇನೆ ಎಂದು ಚಿಕ್ಕಪ್ಪ ಮಾತು ಕೊಟ್ಟಿದ್ದ. ಮಾತು ಕೊಟ್ಟ ಮೇಲೆ, ಕಂಪ್ಯೂಟರಿಗೆ ಹೊಸ ಸಿಸ್ಟಮ್ ಹಾಕಿಕೊಂಡು ಕೂತಿದ್ದ!

ಶನಿವಾರ ಬೆಳಿಗ್ಗೆ ನನ್ನ ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ಹೊಳಲ್ಕೆರೆ ಬಸ್ಸು ಹತ್ತಿದೆ. ಸ್ಟುಡಿಯೊದಲ್ಲಿ ಎಡಿಟಿಂಗ್ ಸಾಫ್ಟ್‌ವೇರನ್ನು ತೆರೆದು ತೋರಿಸಿದ. ಅದು ಬಣ್ಣಬಣ್ಣದ ಹೂವಿನ ಗುರುತು ತೋರಿಸಿತು, 'ಸಿದ್ಧವಾಗುತ್ತಿದೆ' ಎಂದಿತು, ಮಾಯವಾಯಿತು. ಮತ್ತೆ ತೆರೆದ. ಹೂವು, ಸಿದ್ಧತೆ, ಮಾಯ. ಕ್ಷಮೆಯಿಲ್ಲ, ಕಾರಣವಿಲ್ಲ.

ಪಾಟಿಸವಾಲು ಶುರು ಮಾಡಿದೆ. ಏನು ಮಾಡಿದೆ ಎಂದು ಕೇಳಿದರೆ ಏನೂ ಮಾಡಿಲ್ಲ ಎಂದ. ಕಂಪ್ಯೂಟರ್ ಕೆಡಿಸಿದ ಯಾರು ತಾನೇ ಬೇರೆ ಉತ್ತರ ಕೊಟ್ಟಿದ್ದಾರೆ? ಹಾಗಾದರೆ ಸಿಸ್ಟಮ್ ತಾನಾಗಿ ಬದಲಾಯಿತೇ ಎಂದೆ. ಆಗ ಸತ್ಯ ಹೊರಬಿತ್ತು.

"ದಿನಾ ಕೇಳ್ತಿತ್ತು ಕಣವ್ವ, ಹೊಸದು ಬಂದೈತೆ ಹಾಕ್ಲಾ ಅಂತ. ಪಾಪ, ಎಷ್ಟ್ ಸಲ ಅಂತ ಬ್ಯಾಡ ಅನ್ನಾದು?"

ಪಾಪವಂತೆ! ನನ್ನ ಚಿಕ್ಕಪ್ಪ ಯಾರಿಗೂ ಬೇಡ ಎನ್ನಲಾರದವನು. ಬಾಗಿಲಿಗೆ ಬಂದ ಊದುಬತ್ತಿ, ಫಿನಾಯಿಲ್, ಸಿಮ್ ಕಾರ್ಡು, ನೀರು ಶುದ್ಧ ಮಾಡುವ ಯಂತ್ರ ಎಲ್ಲವನ್ನೂ ಒಪ್ಪಿಕೊಂಡಿದ್ದಾನೆ. ಅವನ ಮನೆಯಲ್ಲಿ ನೀರು ಶುದ್ಧವಾಗಲು ಒಂದು ಯಂತ್ರದಿಂದ ಇನ್ನೊಂದು ಯಂತ್ರಕ್ಕೆ ಪ್ರಯಾಣ ಮಾಡಬೇಕು. ಕಂಪ್ಯೂಟರನ್ನೂ ಅವನು ಬಾಗಿಲಿಗೆ ಬಂದ ಬಡಪಾಯಿ ಎಂದೇ ತಿಳಿದಿದ್ದ.

ಆದರೆ ನನ್ನ ಸಿಟ್ಟು ಅವನ ಮೇಲೆ ಅಲ್ಲ, ಅಥವಾ ಅವನ ಮೇಲಷ್ಟೇ ಅಲ್ಲ. ಆ ಪ್ರಶ್ನೆಯ ಕೆಳಗೆ ಎಂಥ ಗುಂಡಿಗಳಿರುತ್ತವೆ ನೋಡಿದ್ದೀರಾ? ಒಂದು, 'ಈಗಲೇ'. ಇನ್ನೊಂದು, 'ಇವತ್ತು ರಾತ್ರಿ'. 'ಬೇಡ' ಎಂಬ ಗುಂಡಿ ಎಲ್ಲಿದೆ? ಹುಡುಕಿದರೆ ಯಾವುದೋ ಮೂಲೆಯಲ್ಲಿ, ಯಾವುದೋ ಪರದೆಯ ಹಿಂದೆ, ಇರುವೆ ಗಾತ್ರದ ಅಕ್ಷರದಲ್ಲಿ! 'ನಿಮ್ಮ ಮನೆಯನ್ನು ಈಗ ಕೆಡವಲೋ, ಊಟವಾದ ಮೇಲೆ ಕೆಡವಲೋ' ಎಂದು ಕೇಳುವವನನ್ನು ನಾವು ಸೇವೆ ಮಾಡುವವನು ಎನ್ನುತ್ತೇವೆಯೇ? ಸ್ಪರ್ಧೆಯಲ್ಲಿ ನಾನು ಇಂಥ ಪ್ರಶ್ನೆ ಕೇಳಿದ್ದರೆ ತೀರ್ಪುಗಾರರು ಅಂಕ ಕತ್ತರಿಸುತ್ತಿದ್ದರು. ಇವರು ಕೇಳಿದರೆ ಸುಧಾರಣೆಯಂತೆ!

ಹಳೆಯ ಸಿಸ್ಟಮ್ಮಿಗೆ ವಾಪಸು ಹೋಗೋಣವೆಂದು ನೋಡಿದೆ. ದಾರಿ ಮುಚ್ಚಿತ್ತು. ಹಳೆಯ ಸಿಸ್ಟಮ್ಮಿನ ಫೈಲುಗಳು ಜಾಗ ತಿನ್ನುತ್ತಿವೆ, ಅಳಿಸಲೇ ಎಂದೂ ಕಂಪ್ಯೂಟರ್ ಕೇಳಿತ್ತಂತೆ. ಚಿಕ್ಕಪ್ಪ ಏನು ಹೇಳಿರಬಹುದು ಎಂಬುದನ್ನು ನಿಮ್ಮ ಊಹೆಗೆ ಬಿಟ್ಟಿದ್ದೇನೆ.

ಅಷ್ಟರಲ್ಲಿ ತಜ್ಞರು ಬಂದರು. ಪಕ್ಕದ ಜೆರಾಕ್ಸ್ ಅಂಗಡಿಯವರು ಒಳಗೆ ಇಣುಕಿ, ಫಾರ್ಮ್ಯಾಟ್ ಹೊಡೆದುಬಿಡಿ ಎಂದರು. ಹೊಸದುರ್ಗದಲ್ಲಿ ಸ್ಟುಡಿಯೊ ಇಟ್ಟಿರುವ ಚಿಕ್ಕಪ್ಪನ ಸ್ನೇಹಿತರೊಬ್ಬರು ಫೋನಿನಲ್ಲಿ, ರ್‍ಯಾಮ್ ಹೋಗಿದೆ ಎಂದು ಘೋಷಿಸಿದರು. ನೋಡದೆ, ಮುಟ್ಟದೆ, ನಲವತ್ತು ಕಿಲೋಮೀಟರ್ ಆಚೆಯಿಂದ! ಆಧಾರ ಏನು ಸಾರ್ ಎಂದು ಕೇಳಿದ್ದಕ್ಕೆ, ಅನುಭವ ಎಂದರು. ಈ ದೇಶದಲ್ಲಿ ಅನುಭವ ಎನ್ನುವುದು ಸಾಕ್ಷ್ಯವಿಲ್ಲದವರ ಕಡೆಯ ಸಾಕ್ಷಿ.

ಸರಿ, ಸಾಫ್ಟ್‌ವೇರ್ ಕಂಪನಿಯವರನ್ನೇ ಕೇಳೋಣವೆಂದು ಅವರ ಸಹಾಯದ ಚಾಟ್ ಕಿಟಕಿ ತೆರೆದೆ. ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ ಎಂದು ಬಂತು. ಕಂಪ್ಯೂಟರ್ ಆರಿಸಿ ಹೊತ್ತಿಸಿ ಎಂದು ಬಂತು. ಹಾಗೇ ಮಾಡಿದೆವು. ಹೂವು, ಸಿದ್ಧತೆ, ಮಾಯ. ಮತ್ತೆ ಬರೆದೆ, ಮತ್ತೆ ವಿಷಾದ. ನಾನು ನೀರು ಕುಡಿಯಲು ಎದ್ದು ಬರುವುದರೊಳಗೆ ಚಿಕ್ಕಪ್ಪ ಕೀಬೋರ್ಡ್ ಹಿಡಿದಿದ್ದ. ಪಾಪ, ಬೆಳಿಗ್ಗೆಯಿಂದ ಆ ಕಡೆ ಕೂತು ಉತ್ತರ ಬರೆಯುತ್ತಿರುವ ಹುಡುಗಿಗೆ ಬೇಸರವಾಗಿರುತ್ತದೆ ಎಂದು, 'ಊಟ ಆಯ್ತೇನಮ್ಮ' ಎಂದು ಬರೆದಿದ್ದ. ಅದು ಯಂತ್ರ, ಮನುಷ್ಯರಲ್ಲ ಎಂದು ನಾನು ಕೂಗಿದೆ. ಯಂತ್ರ ಉತ್ತರಿಸಿತು: ನಿಮ್ಮ ಸಮಸ್ಯೆ ಬಗೆಹರಿದಿದೆ ಎಂದು ಭಾವಿಸುತ್ತೇವೆ, ನಮ್ಮ ಸೇವೆಗೆ ನಕ್ಷತ್ರ ಕೊಡಿ. ಚಿಕ್ಕಪ್ಪ ಇದ್ದ ನಕ್ಷತ್ರಗಳನ್ನೆಲ್ಲ ಕೊಟ್ಟ!

ನನಗೆ ತಲೆ ಕೆಟ್ಟಿತು. ಕೆಟ್ಟ ತಲೆ ಸರಿಯಾಗಲಿ ಎಂದು ಟೀ ಕುಡಿದು ಬರುವಷ್ಟರಲ್ಲಿ ಕಂಪ್ಯೂಟರ್ ಪೂರ್ವಕ್ಕೆ ತಿರುಗಿತ್ತು. ಡಬ್ಬದ ಹಣೆಗೆ ವಿಭೂತಿ. ಅದರ ಮೇಲೊಂದು ನಿಂಬೆಹಣ್ಣು. ಪರದೆಯ ಮೇಲೆ ಸಾಫ್ಟ್‌ವೇರ್ ತೆರೆದುಕೊಂಡು ಆರಾಮಾಗಿ ಕೂತಿತ್ತು!

ಚಿಕ್ಕಪ್ಪ ನನ್ನನ್ನು ನೋಡಿದ ನೋಟವನ್ನು ನಾನು ಯಾವ ಸ್ಪರ್ಧೆಯ ಫೈನಲ್ಲಿನಲ್ಲೂ ಎದುರಿಸಿಲ್ಲ. ಆದರೆ ಸೋಲುವವಳು ನಾನಲ್ಲ. ಡಬ್ಬದ ಹಿಂದೆ ಕೈ ಹಾಕಿದೆ. ತಿರುಗಿಸುವ ಗಡಿಬಿಡಿಯಲ್ಲಿ ಮದುವೆಯ ದೃಶ್ಯಗಳೆಲ್ಲ ಇದ್ದ ಹಾರ್ಡ್ ಡಿಸ್ಕಿನ ವೈರು ಕಿತ್ತುಬಂದಿತ್ತು. ಅಂದರೆ ಸಾಫ್ಟ್‌ವೇರ್ ತೆರೆದಿದ್ದೇನೋ ನಿಜ, ಒಳಗೆ ಮದುವೆ ಇರಲಿಲ್ಲ! ವೈರು ಸಿಕ್ಕಿಸಿದರೆ ಮಾಯ, ಕಿತ್ತರೆ ಪ್ರತ್ಯಕ್ಷ. ಕಂಪ್ಯೂಟರನ್ನು ಪಶ್ಚಿಮಕ್ಕೆ ತಿರುಗಿಸಿ, ನಿಂಬೆಹಣ್ಣು ತೆಗೆದು, ಇನ್ನೊಮ್ಮೆ ಪರೀಕ್ಷಿಸೋಣ ಎಂದೆ.

"ಪರೀಕ್ಷೆ ಮಾಡಕ್ಕೆ ದೇವ್ರೇನು ಪಿಯುಸಿ ಹುಡ್ಗನಾ?"

ನಿಂಬೆಹಣ್ಣು ಅಲ್ಲೇ ಉಳಿಯಿತು. ಪುಣ್ಯಕ್ಕೆ, ನನಗೆ ಬೇಕಾದ ಎಳೆ ಸಿಕ್ಕಿತ್ತು. ತಪ್ಪು ಸಾಫ್ಟ್‌ವೇರಿನಲ್ಲಲ್ಲ, ದೃಶ್ಯಗಳಲ್ಲಿ ಎಲ್ಲೋ ಇದೆ. ಡಿಸ್ಕಿನ ಫೋಲ್ಡರುಗಳನ್ನೆಲ್ಲ ದೂರವಿಟ್ಟು, ಒಂದೊಂದಾಗಿ ಒಳಗೆ ಬಿಟ್ಟೆ. ಚಪ್ಪರ ಬಂತು. ಎದುರುಗೊಳ್ಳುವುದು ಬಂತು. ಧಾರೆ, ತಾಳಿ, ಅಕ್ಷತೆಯ ಸಾಲು ಎಲ್ಲ ಬಂದವು. 'ಊಟ' ಎಂಬ ಫೋಲ್ಡರ್ ಒಳಗೆ ಕಾಲಿಟ್ಟದ್ದೇ ತಡ, ಮಾಯ!

ಕಾರಣವೂ ಗೊತ್ತಾಯಿತು. ಊಟದ ಮನೆಯಲ್ಲಿ ಸಾರು ಚೆಲ್ಲಿದರೆ ಎಂಬ ಭಯಕ್ಕೆ ಚಿಕ್ಕಪ್ಪ ಅಲ್ಲಿಗೆ ಒಳ್ಳೆಯ ಕ್ಯಾಮೆರಾ ಒಯ್ಯುವುದಿಲ್ಲ. ಹದಿನೈದು ವರ್ಷದ ಹಿಂದಿನ ಒಂದು ಪುಟ್ಟ ಕ್ಯಾಮೆರಾ ಇದೆ, ಅದನ್ನು ಹಿಡಿದು ತಾನೇ ಹೋಗುತ್ತಾನೆ. ಆ ಕ್ಯಾಮೆರಾದ ದೃಶ್ಯಗಳನ್ನು ಓದುವ ವಿದ್ಯೆಯನ್ನು ಹೊಸ ಸಿಸ್ಟಮ್ ಬಿಟ್ಟುಬಿಟ್ಟಿತ್ತು. ಹಳೆಯದು, ಯಾರಿಗೆ ಬೇಕು ಎಂದು ಎಲ್ಲೋ ಕೂತ ಯಾರೋ ತೀರ್ಮಾನಿಸಿದ್ದರು. ಯಾರನ್ನು ಕೇಳಿ? ಹೊಳಲ್ಕೆರೆಯಲ್ಲಿ ಸಾರು ಚೆಲ್ಲೀತೆಂದು ಹೆದರಿ ಹಳೆಯ ಕ್ಯಾಮೆರಾ ಹಿಡಿಯುವವನೊಬ್ಬ ಇದ್ದಾನೆ ಎಂದು ಅವರಿಗೆ ಹೇಳುವವರು ಯಾರು?

ಆದರೂ ಪರಿಹಾರ ಸುಲಭವಿತ್ತು. ಆ ಫೋಲ್ಡರನ್ನು ಬಿಟ್ಟರೆ ಆಯಿತು, ಗಂಟೆಯೊಳಗೆ ವಿಡಿಯೊ ಸಿದ್ಧ.

"ಚಿಕ್ಕಪ್ಪ, ಊಟದ್ದು ಬಿಟ್ಬಿಡಾಣ. ಜನ ಅನ್ನ ಕಲಸೋದನ್ನ ಯಾರು ನೋಡ್ತಾರೆ?"

"ಉಂಡೋರನ್ನ ಕತ್ತರಿಸಬಾರ್ದು."

"ಯಾಕೆ? ಕಾರಣ ಕೊಡು."

"ಕಾರಣ ಏನು ಬಂತು? ಉಂಡವ್ರೆ."

ಇದಕ್ಕೆ ಏನು ಪ್ರತಿವಾದ ಹೂಡಬೇಕು ಹೇಳಿ! ಆ ತಾಯಿಗೆ ಬೇಕಾದದ್ದು ಮಗಳ ತಾಳಿ, ಬೀಗರ ಮುಖ, ಅಷ್ಟೇ ಎಂದೆ. ನಿನ್ನ ಹಠಕ್ಕೆ ನಾಳೆ ಅದೂ ಕೈತಪ್ಪುತ್ತದೆ ಎಂದೆ. ಬೀಗರ ಮುಖ ವೇದಿಕೆ ಮೇಲೆ ಒಂದು ಥರ ಇರುತ್ತದೆ, ಎಲೆ ಮುಂದೆ ಒಂದು ಥರ ಇರುತ್ತದೆ ಎಂದು ಗೊಣಗಿದ. ಇದು ವಾದವೇ? ನಾನು ಗೆದ್ದೆ, ಎಲ್ಲ ಅಂಶಗಳಲ್ಲೂ ಗೆದ್ದೆ. ಗೆದ್ದು, ಸಿಟ್ಟಿನಿಂದ ಹಲ್ಲು ಕಡಿಯುತ್ತ, ಅವನು ಹೇಳಿದ್ದನ್ನೇ ಮಾಡಲು ಕೂತೆ.

ನನ್ನ ಲ್ಯಾಪ್‌ಟಾಪ್ ಹಳೆಯ ಸಿಸ್ಟಮ್ಮಿನಲ್ಲೇ ಇತ್ತು. ಇಣುಕುವ ಪ್ರತಿ ಪ್ರಶ್ನೆಗೂ ಬೇಡ ಎನ್ನುವ ಗುಂಡಿಯನ್ನು ಹುಡುಕಿಯೇ ಒತ್ತುವವಳು ನಾನು. ಊಟದ ದೃಶ್ಯಗಳನ್ನು ಅದಕ್ಕೆ ಹಾಕಿ, ಹೊಸ ಸಿಸ್ಟಮ್ಮಿಗೆ ಅರ್ಥವಾಗುವ ರೂಪಕ್ಕೆ ಒಂದೊಂದನ್ನೇ ಬದಲಿಸಿದೆ. ಒಬ್ಬ ಮನುಷ್ಯ ಹಪ್ಪಳ ಮುರಿಯುವ ದೃಶ್ಯ ಬದಲಾಗಲು ಹಿಡಿದ ಹೊತ್ತಿನಲ್ಲಿ ಮನೆಮಂದಿಗೆಲ್ಲ ಹಪ್ಪಳ ಕರಿಯಬಹುದಿತ್ತು. ಚಿಕ್ಕಪ್ಪ ಪಕ್ಕದಲ್ಲಿ ಕೂತು ಪ್ರತಿಯೊಬ್ಬರನ್ನೂ ಗುರುತು ಹಿಡಿಯುತ್ತಿದ್ದ. ಇವರು ಬಿ.ದುರ್ಗದವರು, ಇವರಿಗೆ ಶುಗರ್ ಇದೆ, ಆದರೂ ಹೋಳಿಗೆ ಹಾಕಿಸಿಕೊಂಡರು ನೋಡು! ನಾನು ನೋಡಲಿಲ್ಲ. ಕೊನೆಗೆ ಎಲ್ಲವನ್ನೂ ಜೋಡಿಸಿದಾಗ ಸಾಫ್ಟ್‌ವೇರ್ ಮಾಯವಾಗಲಿಲ್ಲ. ಚಿಕ್ಕಪ್ಪ ಎದ್ದು ಹೋಗಿ ನಿಂಬೆಹಣ್ಣಿಗೆ ಕೈ ಮುಗಿದ. ನನಗಲ್ಲ!

ಭಾನುವಾರ ಅವನ ಸ್ಕೂಟರಿನಲ್ಲಿ ತಾಳ್ಯಕ್ಕೆ ಹೋದೆವು. ತಾಯಿಯನ್ನು ನಡುಮನೆಯ ಮಂಚದ ಮೇಲೆ ಒರಗಿಸಿದ್ದರು. ಬರ್ರಿ, ಕುಂತ್ಕಳ್ರಿ ಎಂದು ಮಲಗಿದಲ್ಲಿಂದಲೇ ಕರೆದರು. ಮಗಳು ಪಕ್ಕದಲ್ಲಿ ಕೂತಳು. ಚಿಕ್ಕಪ್ಪ ಟೀವಿಗೆ ಪೆನ್‌ಡ್ರೈವ್ ಸಿಕ್ಕಿಸಿದ.

ಧಾರೆ ಬಂತು, ತಾಳಿ ಬಂತು. ಆಕೆ ನಿಧಾನವಾಗಿ ನೋಡಿದರು, ಆಗಾಗ ಮಗಳ ಕೈ ಒತ್ತಿದರು. ಇವರು ಯಾರು, ಅವರು ಏನಾಗಬೇಕು ಎಂದು ಕೇಳಿ ತಿಳಿದುಕೊಂಡರು. ಕಣ್ಣು ಒರೆಸಿಕೊಂಡದ್ದು ಮಗಳೇ. ಹಂಸಗಳು ತೇಲಿಹೋದವು. ಅಕ್ಷತೆಯ ಸಾಲು ಮುಗಿಯುವ ಲಕ್ಷಣವೇ ಕಾಣಲಿಲ್ಲ. ನಾನು ದುರ್ಗದ ಬಸ್ಸಿನ ಹೊತ್ತು ನೋಡುತ್ತ, ಉಂಡವರನ್ನೆಲ್ಲ ಒಳಗೊಳಗೇ ಬಯ್ಯುತ್ತ ಕೂತಿದ್ದೆ.

ಆಮೇಲೆ ಊಟದ ಮನೆ ಬಂತು. ಹಳೆಯ ಕ್ಯಾಮೆರಾದ ಮಂಕು ಬಣ್ಣ. ಚಿಕ್ಕಪ್ಪ ಪಂಕ್ತಿಯ ನಡುವೆ ನಡೆಯುತ್ತ ಹಿಡಿದಿದ್ದರಿಂದ ಎಲ್ಲ ಅಲುಗಾಡುತ್ತಿತ್ತು. ಎಲೆಗಳು, ಕಲಸುವ ಕೈಗಳು, ತಲೆಯೆತ್ತಿ ನಗುವ ಮುಖಗಳು ಒಂದೊಂದಾಗಿ ಎದುರಾದವು. ಆಕೆ ಮಗಳಿಗೆ ದಿಂಬು ಎತ್ತರ ಮಾಡಲು ಹೇಳಿದರು. ನೋವಿಗೆ ಮುಖ ಕಿವುಚಿಕೊಂಡೇ ಮೇಲೆ ಸರಿದರು. ಸೆರಗನ್ನು ಹೆಗಲ ಮೇಲೆ ಸರಿಯಾಗಿ ಹೊದ್ದುಕೊಂಡರು. ಟೀವಿಯತ್ತ ಎರಡೂ ಕೈ ಜೋಡಿಸಿದರು.

"ನಿಧಾನಕ್ಕೆ ಊಟ ಮಾಡ್ರಿ," ಎಂದರು, ಎಲೆ ಮುಂದೆ ಕೂತಿದ್ದ ಬೀಗರ ಕಡೆಯ ಹಿರಿಯರಿಗೆ. ಕ್ಯಾಮೆರಾ ಮುಂದೆ ಸರಿಯಿತು. "ಸಂಕೋಚ ಮಾಡ್ಕಬ್ಯಾಡ್ರಿ, ಇನ್ನೊಂಚೂರು ಹಾಕಿಸ್ಕಳ್ರಿ." ಇನ್ನೊಂದು ಎಲೆ. "ಮಕ್ಕಳನ್ನೂ ಕರ್ಕಂಡ್ ಬಂದಿದೀರಾ? ಬಾಳ ಸಂತೋಷ ಆತು."

ಹೆಣ್ಣಿನ ತಾಯಿ ಪಂಕ್ತಿಯ ಉದ್ದಕ್ಕೂ ನಡೆದು, ಪ್ರತಿ ಎಲೆಯ ಮುಂದೆ ನಿಂತು ಉಪಚಾರದ ಮಾತಾಡಬೇಕು. ಆಡದಿದ್ದರೆ ಮದುವೆ ಮಾಡಿಕೊಟ್ಟ ಹಾಗಾಗುವುದಿಲ್ಲ. ಇಷ್ಟು ದಿನ ಆಕೆಗೆ ಆ ಕೆಲಸ ಬಾಕಿ ಇತ್ತು. ಚಿಕ್ಕಪ್ಪ ಬಾಗಿಲ ಕಡೆ ಮುಖ ಮಾಡಿ ನಿಂತಿದ್ದ. ಮಗಳು ತಾಯಿಯ ಬೆನ್ನಿಗೆ ಕೈ ಕೊಟ್ಟು ಹಿಡಿದಿದ್ದಳು.

ಪಂಕ್ತಿಯ ತುದಿಯಲ್ಲಿ ಬಿಳಿ ಟೋಪಿಯ ಒಬ್ಬ ಮುದುಕ ಕೂತಿದ್ದ.

"ಅಗಳ, ನೋಡಲ್ಲಿ, ಆ ಅಜ್ಜನ ಎಲೆಗೆ ಹೋಳಿಗೆ ಬಿದ್ದಿಲ್ಲ," ಎಂದು ಆಕೆ ಕೈ ಚಾಚಿದರು. "ಯಾರಪ್ಪ ಬಡಿಸೋರು, ಇತ್ತ ಬರ್ರಿ."

ಮುಂದೆ ಹೋಗಿದ್ದ ಬಡಿಸುವವನು ತಿರುಗಿ ಬಂದ, ಬಗ್ಗಿ ಹೋಳಿಗೆ ಹಾಕಿದ. ಅಜ್ಜ ತಲೆಯೆತ್ತಿ ನಕ್ಕ.

"ತುಪ್ಪ ಹಾಕಪ್ಪ ಮ್ಯಾಲೆ," ಎಂದರು ಆಕೆ. ಎಂದು, ಮುಂದಿನ ಎಲೆಯವರತ್ತ ತಿರುಗಿ ಕೈ ಮುಗಿದರು.