ಹೊಲಿಗೆಗೆ ಬಿಟ್ಟ ಎರಡಿಂಚು

ನಲವತ್ತು ವರ್ಷ ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡು ಬದುಕಿದವನಿಗೆ ಆ ಟೇಪೇ ಉರುಳಾದ ಕತೆ ಇದು. ನನ್ನಷ್ಟು ನಿಖರವಾಗಿ ಕತೆ ಹೇಳುವವರು ಏಳು ಸಮುದ್ರದಾಚೆಗೂ ಇಲ್ಲವಾದ್ದರಿಂದ ಪ್ರತಿ ಮಾತನ್ನೂ ಕಣ್ಣುಮುಚ್ಚಿ ನಂಬಬಹುದು.

ಟೈಲರನಿದ್ದ ಮನೆ ಅವನದಲ್ಲ. ಅವನ ತಾತ ವಸತಿ ಕಚೇರಿಯಿಂದ ತೊಂಬತ್ತೊಂಬತ್ತು ವರ್ಷದ ಲೀಸಿಗೆ ಪಡೆದದ್ದು. ಅಷ್ಟೂ ವರ್ಷ ಆ ಕಾಗದ ಬಟ್ಟೆಪೆಟ್ಟಿಗೆಯ ತಳದಲ್ಲಿ ತಣ್ಣಗೆ ಮಲಗಿತ್ತು. ಕೊನೆಯ ದಿನ ಬೆಳಿಗ್ಗೆ ಟೈಲರನ ಹೆಂಡತಿ ಪೆಟ್ಟಿಗೆ ಕೊಡವಿದಳು, ಕಾಗದ ಬಿತ್ತು, ಓದಿಬಿಟ್ಟಳು.

"ರೀ, ಇವತ್ತು ಸಂಜೆ ಐದಕ್ಕೆ ಲೀಸು ಮುಗಿಯುತ್ತಂತೆ. ಮುಂದುವರಿಸದಿದ್ರೆ ಬೀಗ ಹಾಕ್ತಾರಂತೆ."

"ಅರ್ಜಿ ಹಾಕಿದ್ರಾಯ್ತು ಬಿಡೇ."

ಅರ್ಜಿಯಲ್ಲಿ ಮನೆಯ ಅಳತೆ ಬರೆಯಬೇಕಿತ್ತು. ಟೈಲರ ಟೇಪು ಹಿಡಿದ. ಗೋಡೆಗೆ "ಸ್ವಲ್ಪ ಉಸಿರು ಬಿಗಿಹಿಡೀರಿ" ಎಂದನೆಂದೂ ಕೇಳಿದ್ದೇನೆ. ಆದರೆ ಬರೆಯುವಾಗ ಕೈ ತನ್ನ ಚಾಳಿ ಬಿಡಲಿಲ್ಲ. ಅಗಲಕ್ಕೆ ಎಡದಲ್ಲಿ ಎರಡಿಂಚು, ಬಲದಲ್ಲಿ ಎರಡಿಂಚು ಹೊಲಿಗೆಗೆಂದು ಸೇರಿಸಿಬಿಟ್ಟಿತು.

ಕಚೇರಿಯ ಗುಮಾಸ್ತ ಹಿಂದಿನ ವಾರವಷ್ಟೇ ಟೈಲರ ಹೊಲಿದುಕೊಟ್ಟಿದ್ದ ಕೋಟಿನಲ್ಲಿ ಕೂತಿದ್ದ. ಹಳೆಯ ಕಾಗದ, ಹೊಸ ಅರ್ಜಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ.

"ಟೈಲರಣ್ಣ, ನಿಮ್ಮ ಮನೆ ದಪ್ಪಗಾಗಿದೆಯಲ್ಲ?"

"ಅಯ್ಯೋ ಸಾರ್, ಅದು ಹೊಲಿಗೆಗೆ ಬಿಟ್ಟಿದ್ದು."

"ಹಾಗಂದ್ರೆ ಸುಳ್ಳು ಅಳತೆ. ಅರ್ಜಿ ವಜಾ. ಮತ್ತೆ ಹಾಕೋಕೆ ಒಂದು ವರ್ಷ ಕಾಯಬೇಕು."

"ನಿಜವಾದ ಅಳತೇನೇ ಅಂತ ಹೇಳಿದ್ರೆ?"

"ಆಗ ಅದು ಹೆಚ್ಚುವರಿ ಜಾಗ. ಅಕ್ಕಪಕ್ಕದವರ ಒಪ್ಪಿಗೆ ಬರೆಸ್ಕೊಂಡು ಬನ್ನಿ, ಮಂಜೂರು ಮಾಡೋಣ."

"ಹಾಗಾದ್ರೆ ನಿಜ ಸಾರ್," ಎಂದ ಟೈಲರ. ಅಲ್ಲಿಂದ ಅವನ ಗ್ರಹಚಾರ ನೆಟ್ಟಗಾಗಲಿಲ್ಲ.

ಎಡಮನೆಯ ನಿವೃತ್ತ ಮೇಷ್ಟ್ರು ಕನ್ನಡಕ ಕೆಳಗಿಳಿಸಿದರು. "ಹದಿನೆಂಟು ವರ್ಷದಿಂದ ನನ್ನ ಮಂಚ ಗೋಡೆಗೆ ತಗಲ್ತಿದೆ. ಮಂಚವೇ ಬೆಳೀತಿದೆ ಅಂದ್ಕೊಂಡಿದ್ದೆ. ಕಳ್ಳ ನೀನಾ?"

"ಹೂಂ ಮೇಷ್ಟ್ರೇ."

"ಕೂತ್ಕೋ. ನಾನು ಇನ್ನು ಮುಂದೆ ಜಾಗ ಕದಿಯುವುದಿಲ್ಲ ಅಂತ ನೂರು ಸಲ ಬರಿ. ಅಕ್ಷರ ದುಂಡಗಿರಲಿ."

ಎಪ್ಪತ್ತನೆಯ ಸಲ ಕೈ ಜೋಮು ಹಿಡಿಯಿತು. ನೂರನೆಯದು ಮುಗಿದು ಮೇಷ್ಟ್ರು ಒಪ್ಪಿಗೆಗೆ ಸಹಿ ಹಾಕುವಾಗ ಗಂಟೆ ಮೂರು. ಅಷ್ಟರಲ್ಲಿ ಸುದ್ದಿ ಹಬ್ಬಿ ಬೀದಿಯ ಮುನ್ನೂರು ಮನೆಯವರು ತಮ್ಮ ತಮ್ಮ ಗೋಡೆಗಳನ್ನು ಅಳೆದು ಮುಗಿಸಿದ್ದರು. ಒಂದು ಮನೆ ಹೆಚ್ಚುಕಡಿಮೆ ಇದ್ದರೆ ನನ್ನನ್ನು ಬೈಯಬೇಡಿ.

ಬಲಮನೆಯ ನರ್ಸಮ್ಮನಿಗೆ ಸಿಟ್ಟೇ ಬರಲಿಲ್ಲ. "ಗೋಡೆ ಯಾವಾಗ ಸರಿಸಿದ್ರಿ ಅಣ್ಣ?"

"ನೀವು ಡ್ಯೂಟಿಗೆ ಹೋದಾಗ."

"ಒಬ್ಬರೇ?"

"ಹೂಂ."

ಆಕೆ ಅವನ ಕಡ್ಡಿಯಂಥ ತೋಳುಗಳನ್ನು ನೋಡಿದಳು, ನಾಡಿ ಹಿಡಿದಳು, ನಾಲಿಗೆ ಚಾಚಿಸಿದಳು. ಕೊನೆಗೆ ಗುಳಿಗೆಯೊಂದನ್ನು ನುಂಗಿಸಿ, "ಮಲಗಿ ಎದ್ರೆ ಸರಿಹೋಗ್ತೀರಿ" ಎಂದು ಸಹಿ ಹಾಕಿದಳು.

ಐದಕ್ಕೆ ಐದು ನಿಮಿಷವಿದ್ದಾಗ ಗುಮಾಸ್ತ ಮೊಹರು ಗುದ್ದಿದ. ಆ ಸದ್ದಿಗೆ ಪಕ್ಕದ ಊರಿನ ಕಾಗೆಗಳೆಲ್ಲ ಎದ್ದು ಹಾರಿದವು. ಟೈಲರ ಕಾಗದವನ್ನು ಹಸುಗೂಸಿನಂತೆ ಎದೆಗವಚಿಕೊಂಡು ಮನೆಗೆ ಬಂದ. ಹೆಂಡತಿ ಮೊದಲಿಂದ ಕೊನೆಗೆ ಓದಿದಳು, ಮತ್ತೆ ಕೊನೆಯಿಂದ ಮೊದಲಿಗೆ ಓದಿದಳು.

"ರೀ, ಇದ್ರಲ್ಲಿ ಮನೆ ಎಲ್ಲಿದೆ?"

ಉತ್ತರವೆಂಬಂತೆ ಬಾಗಿಲು ತಟ್ಟಿದ ಸದ್ದು. ಗುಮಾಸ್ತ ಬೀಗ, ಅರಗು ಹಿಡಿದು ನಿಂತಿದ್ದ.

"ಒಬ್ಬರಿಗೆ ದಿನಕ್ಕೆ ಒಂದೇ ಅರ್ಜಿ, ಟೈಲರಣ್ಣ. ಇವತ್ತು ಹೆಚ್ಚುವರಿ ಜಾಗದ್ದು ಮಂಜೂರಾಯ್ತು. ಎಡಕ್ಕೆರಡಿಂಚು, ಬಲಕ್ಕೆರಡಿಂಚು, ತೊಂಬತ್ತೊಂಬತ್ತು ವರ್ಷ ಯಾರೂ ಅಲ್ಲಾಡಿಸೋ ಹಾಗಿಲ್ಲ. ಮನೆಯದನ್ನ ನಾಳೆ ಹಾಕಬಹುದಿತ್ತು. ಏನ್ಮಾಡೋದು, ಅದರ ಲೀಸು ಈಗಷ್ಟೇ ಮುಗೀತು."

ಪಾತ್ರೆ, ಹಾಸಿಗೆ, ಹೊಲಿಗೆ ಯಂತ್ರ ಎಲ್ಲವೂ ಬೀದಿಗೆ ಬಂದವು. ಮೇಷ್ಟ್ರು ಇನ್ನೊಂದು ನೂರು ಸಲ ಬರೆಸಲು ಹಾಳೆ ತಂದರು. ನರ್ಸಮ್ಮ ಇನ್ನೊಂದು ಗುಳಿಗೆ ತಂದಳು.

ಗುಮಾಸ್ತ ಬೀಗ ಹಾಕಲು ಕೈ ಎತ್ತಿದ. ಕೋಟು ಕಂಕುಳಲ್ಲಿ ಹಿಡಿದುಕೊಂಡಿತು.

"ಇಲ್ಲಿ ಸ್ವಲ್ಪ ಬಿಗಿ. ಬಿಚ್ಚಿ ಸಡಿಲ ಮಾಡ್ಕೊಡಿ. ಎರಡಿಂಚು ಬಿಟ್ಟಿದ್ದೀರಿ ತಾನೆ?"

"ಬಿಟ್ಟಿದ್ದೀನಿ ಸಾರ್," ಎಂದ ಟೈಲರ, ಬೀದಿಯಲ್ಲಿ ಪೆಟ್ಟಿಗೆಯ ಮೇಲೆ ಕುಸಿದು. "ಇನ್ನು ಅದ್ರಲ್ಲೇ ನಾವು ಸಂಸಾರ ಮಾಡ್ಬೇಕು."